ರಿಲೇ (ಕರೆಂಟ್ ಕೊಟ್ಟರೆ ಒಳಗಿನ ಕಾಂಟ್ಯಾಕ್ಟ್ ಸೇರುವ ಸ್ವಿಚ್) ಟಕ್ ಅನ್ನುವುದು ಬೇಡ, ಬಿಸಿಯಾದರೆ ಕುಗ್ಗುವ ನಿಟಿನಾಲ್ (ನಿಕಲ್-ಟೈಟಾನಿಯಂ) ತಂತಿಯಿಂದ ಸದ್ದಿಲ್ಲದ ಲೈಟ್ ಸ್ವಿಚ್ ಮಾಡಬೇಕು. ಲೈಟ್ ಉರಿಯುವಷ್ಟು ಹೊತ್ತೂ ತಂತಿಗೆ ಕರೆಂಟ್ ಕೊಡ್ತೀನಿ. ಯಾವ ದಪ್ಪದ ತಂತಿ ತಗೊಳ್ಳಲಿ?

ದಪ್ಪದ ಮಾತು ಆಮೇಲೆ. "ಲೈಟ್ ಉರಿಯುವಷ್ಟು ಹೊತ್ತೂ ತಂತಿಗೆ ಕರೆಂಟ್ ಕೊಡ್ತೀನಿ" ಅಂತ ಬರೆದಿದ್ದೀರಲ್ಲ, ನಾನೂ ಅದನ್ನೇ ಮಾಡಿದ್ದೆ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ. ರಾತ್ರಿ ರಿಲೇ ಸದ್ದಿಗೆ ಅಜ್ಜಿಗೆ ಎಚ್ಚರವಾಗುತ್ತಿತ್ತು. ಅದಕ್ಕೇ 0.15 ಮಿ.ಮೀ. ತಂತಿ, 15 ಸೆಂ.ಮೀ. ಉದ್ದ, ಇನ್ನೊಂದು ಕಡೆಯಿಂದ ಎಳೆಯಲು ಸ್ಪ್ರಿಂಗ್. ಬೆಸುಗೆ ಹಿಡಿಯಲೇ ಇಲ್ಲ, ಟೈಟಾನಿಯಂ ಇರುವ ಲೋಹ ಅಲ್ವಾ, ಹಿತ್ತಾಳೆ ಕೊಳವೆಯಲ್ಲಿ ಒತ್ತಿ ಹಿಡಿಸಿದೆ. ಕರೆಂಟ್ ಕೊಟ್ಟರೆ ಬಿಸಿಯಾಗಿ 4 ಶೇಕಡಾ, ಅಂದರೆ 6 ಮಿ.ಮೀ. ಕುಗ್ಗಿ ಕಾಂಟ್ಯಾಕ್ಟ್ ಸೇರಿಸುತ್ತಿತ್ತು. ಮೊದಲ ದಿನ ಎಷ್ಟು ಖುಷಿಯಾಗಿತ್ತು!

ತಪ್ಪು ಆಗಿದ್ದು ಇಲ್ಲಿ. ಈ ತಂತಿಗೆ ಬೇಕಾಗಿದ್ದು ಸುಮಾರು 0.4 ಆಂಪಿಯರ್. ನನ್ನದರ ರೆಸಿಸ್ಟೆನ್ಸ್ 8 ಓಮ್, ನಾನು ಮೊಬೈಲ್ ಚಾರ್ಜರಿನ 5 ವೋಲ್ಟ್ ನೇರ ಕೊಟ್ಟೆ, ಹರಿದದ್ದು 0.6. ವ್ಯತ್ಯಾಸ ಸಣ್ಣದು ಅನಿಸುತ್ತದೆ, ಆದರೆ ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಲ್ಲಿಗೆ ಎರಡು ಪಟ್ಟಿಗೂ ಜಾಸ್ತಿ. ಒಂದು ಸೆಕೆಂಡ್ ಆಗಿದ್ದರೆ ತಡೆದುಕೊಳ್ಳುತ್ತಿತ್ತೇನೋ, ನಾನು ರಾತ್ರಿಯಿಡೀ ಹಾಗೇ ಇಟ್ಟೆ. ಕುಗ್ಗಿದ ಮೇಲೆ ತಂತಿ ಹಾಗೇ ನಿಲ್ಲಲು ಸ್ವಲ್ಪ ಬಿಸಿ ಸಾಕು, ಅದಕ್ಕಿಂತ ಹೆಚ್ಚು ಕೊಟ್ಟದ್ದೆಲ್ಲ ದಂಡ. ಅದರ ಜೊತೆ ಸ್ಪ್ರಿಂಗ್ ಎಳೆತ ಬೇರೆ. ವಾರದಲ್ಲಿ ತಂತಿ ತನ್ನ ಹಳೇ ಉದ್ದವನ್ನೇ ಮರೆತಿತ್ತು. 6 ಮಿ.ಮೀ. ಕುಗ್ಗುತ್ತಿದ್ದದ್ದು 3ಕ್ಕೆ ಇಳಿಯಿತು, ಕಾಂಟ್ಯಾಕ್ಟ್ ತಾಗಿಯೂ ತಾಗದ ಹಾಗೆ ನಿಂತು ಕಿಡಿ ಹಾರಿ ಕಪ್ಪಾಯಿತು. 230 ವೋಲ್ಟ್, ಅಜ್ಜಿ ತಲೆದಿಂಬಿನ ಪಕ್ಕ. ಈಗಲೂ ನೆನೆದರೆ ಮೈ ಜುಮ್ ಅನ್ನುತ್ತದೆ.

ಸದ್ದಿಲ್ಲದಿರುವುದಷ್ಟೇ ಬೇಕಾದರೆ ಈ ತಂತಿ ಬಿಡಿ, ಸಾಲಿಡ್ ಸ್ಟೇಟ್ ರಿಲೇ ಹಾಕಿ. ಅದರಲ್ಲಿ ಅಲುಗಾಡುವುದೇ ಏನೂ ಇಲ್ಲ. ಈ ತಂತಿ ನಿಧಾನಕ್ಕೆ ಚಲಿಸುತ್ತದೆ, ಲೈಟಿನ ಕರೆಂಟ್ ಕಡಿಯುವ ಕಾಂಟ್ಯಾಕ್ಟ್ ಪಟ್ಟನೆ ಬಿಡಬೇಕು. ತಂತಿಯಿಂದಲೇ ಮಾಡುತ್ತೇನೆ ಅಂದರೆ ಅದು ಒಳಗಿನ ಸ್ಪ್ರಿಂಗಿನಿಂದ ಪಟ್ಟನೆ ಬಿಡುವ ಸಣ್ಣ ಮೈಕ್ರೋಸ್ವಿಚ್ಚಿನ ಲಿವರ್ ಎಳೆಯಲಿ (ಟಕ್ ಅನ್ನುತ್ತದೆ, ಅನ್ನಲಿ), ಎಳೆದದ್ದನ್ನು ಒಂದು ಕೊಕ್ಕೆ ಹಿಡಿದಿಟ್ಟುಕೊಳ್ಳಲಿ, ಬಿಡಿಸಲು ಎರಡನೇ ತಂತಿ ಇರಲಿ. ಎರಡಕ್ಕೂ ಕರೆಂಟ್ ಒಂದೇ ಸೆಕೆಂಡ್, ಅದೂ 0.4 ದಾಟದ ಹಾಗೆ. ಆಗ 0.15 ಸಾಕು, ಸುಮಾರು 300 ಗ್ರಾಂ ಎಳೆಯುತ್ತದೆ. ಮೊದಲು 12 ವೋಲ್ಟ್ ಎಲ್‌ಇಡಿ ಮೇಲೆ ಒಂದು ತಿಂಗಳು ಓಡಿಸಿ ನೋಡಿ.