ದಾಖಲೆಗೆ 1,457 ಯಾರ್ಡ್ ಬಾಕಿ ಇದ್ದಾಗ ಬ್ಯಾರಿ ಸ್ಯಾಂಡರ್ಸ್ ಆಟ ಬಿಟ್ಟಿದ್ದೇಕೆ?

ನೀವು ಕೇಳಿರೋದು ಇಷ್ಟು: ಡೆಟ್ರಾಯಿಟ್ ಲಯನ್ಸ್ ತಂಡದ ಬ್ಯಾರಿ ಸ್ಯಾಂಡರ್ಸ್‌ಗೆ ಗಾಯ ಆಗಿರಲಿಲ್ಲ, ಕಾಲಿನ ವೇಗ ಕಮ್ಮಿಯಾಗಿರಲಿಲ್ಲ, ಇನ್ನೊಂದೇ ಸೀಸನ್ ಓಡಿದ್ದರೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಚೆಂಡು ಹಿಡಿದು ಅತಿ ಹೆಚ್ಚು ಯಾರ್ಡ್ ಓಡಿದ ಸಾರ್ವಕಾಲಿಕ ದಾಖಲೆ ಅವನದಾಗುತ್ತಿತ್ತು. ಹಾಗಿದ್ದೂ 1999ರಲ್ಲಿ ಬಿಟ್ಟುಹೋದನಲ್ಲ, ಅದು ಮೂರ್ಖತನ ಅಲ್ಲವೇ?

ನಾನಿರೋದು ಡೆಟ್ರಾಯಿಟ್ ಪಕ್ಕದಲ್ಲಿ. ನಾನಿಲ್ಲಿಗೆ ಬರುವ ಹೊತ್ತಿಗೆ ಅವನು ನಿವೃತ್ತನಾಗಿ ಎಷ್ಟೋ ವರ್ಷಗಳಾಗಿದ್ದವು, ಹಾಗಾಗಿ ಅವನ ಆಟ ನೋಡಿದ್ದೆಲ್ಲ ವಿಡಿಯೋದಲ್ಲೇ. ಆದರೆ ಇಲ್ಲಿಯ ಲಯನ್ಸ್ ಅಭಿಮಾನಿಗಳ ಮಧ್ಯೆ ಕೂತು ಊಟ ಮಾಡುವವರು ಈ ಜಗಳದಲ್ಲಿ ಯಾವುದಾದರೂ ಒಂದು ಪಕ್ಷ ಹಿಡಿಯಲೇಬೇಕಾಗುತ್ತದೆ. ನಾನು ಬ್ಯಾರಿ ಪಕ್ಷ. ಮೂರ್ಖತನ ಅಲ್ಲ ಅನ್ನೋದು ನನ್ನ ಉತ್ತರ, ಮತ್ತು ಅದರ ಕಾರಣ 1999ರಲ್ಲಿ ಅಲ್ಲ, 1989ರಲ್ಲಿ ಸಿಗುತ್ತದೆ.

ಆ ವರ್ಷ ಅವನು ಲಯನ್ಸ್‌ಗೆ ಹೊಸಬ. ಅದರ ಹಿಂದಿನ ವರ್ಷ ಓಕ್ಲಹೋಮಾ ಸ್ಟೇಟ್ ಯೂನಿವರ್ಸಿಟಿ ಪರವಾಗಿ 11 ಪಂದ್ಯಗಳಲ್ಲಿ 2,628 ಯಾರ್ಡ್ ಓಡಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದು ಬಂದಿದ್ದ. ಎತ್ತರ ಬರೀ ಐದಡಿ ಎಂಟಿಂಚು. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾಗಿದ್ದ. ಸೀಸನ್ನಿನ ಕೊನೆಯ ಪಂದ್ಯ ಅಟ್ಲಾಂಟಾ ವಿರುದ್ಧ. ಗೆಲುವು ಬಹುತೇಕ ಖಚಿತವಾದ ಮೇಲೆ ಕೋಚ್ ವೇಯ್ನ್ ಫಾಂಟೀಸ್ ಅವನ ಹತ್ತಿರ ಬಂದು, ಇನ್ನು ಸ್ವಲ್ಪ ಓಡಿದರೆ ಈ ವರ್ಷದ ಅತಿ ಹೆಚ್ಚು ಯಾರ್ಡ್‌ಗಳ ಪಟ್ಟ ನಿನಗೇ, ಹೋಗುತ್ತೀಯಾ ಅಂತ ಕೇಳಿದರು. ಬೇಡ, ಗೆದ್ದು ಮನೆಗೆ ಹೋಗೋಣ ಅಂದುಬಿಟ್ಟ. ಪಟ್ಟ ಕಾನ್ಸಾಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆಗೆ ಹೋಯಿತು. ಅವನದು 1,480, ಬ್ಯಾರಿಯದು 1,470. ಹತ್ತು ಯಾರ್ಡ್ ಅಂದರೆ ಅವನಿಗೆ ಒಂದೆರಡು ಓಟದ ಮಾತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಹತ್ತು ಯಾರ್ಡ್ ಬೇಡ ಅಂದವನು ಮೂವತ್ತೊಂದರಲ್ಲಿ 1,457 ಯಾರ್ಡ್ ಬೇಡ ಅಂದರೆ ನಾವೇಕೆ ಬೆಚ್ಚಿಬೀಳಬೇಕು? ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ಮಾಡಿದಾಗಲೂ ಕುಣಿತ ಇಲ್ಲ, ಕೂಗಾಟ ಇಲ್ಲ, ಚೆಂಡನ್ನು ರೆಫ್ರಿ ಕೈಗಿಟ್ಟು ಬೆಂಚಿನ ಕಡೆ ನಡೆಯುತ್ತಿದ್ದ ಮನುಷ್ಯ ಅವನು.

ಇನ್ನು ಕೆಲಸದ ವಿಷಯ. ಬ್ಯಾರಿ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು; ಕಬಡ್ಡಿಯ ರೈಡರ್ ಇದ್ದಂತೆ ಅಂದುಕೊಳ್ಳಿ. ಆದರೆ ಹಿಡಿಯಲು ಬರುವವರಲ್ಲಿ ಕೆಲವರು 130 ಕೆಜಿ ದಾಟಿದವರು, ಅವರು ಹಿಡಿಯುವುದಿಲ್ಲ, ಬಂದು ಗುದ್ದುತ್ತಾರೆ. ಬ್ಯಾರಿ 153 ಪಂದ್ಯಗಳಲ್ಲಿ 3,062 ಸಲ ಚೆಂಡು ಹಿಡಿದು ಹೀಗೆ ನುಗ್ಗಿದ್ದಾನೆ, ಅಂದರೆ ಪಂದ್ಯಕ್ಕೆ ಇಪ್ಪತ್ತು ಸಲ. ಇದರ ಬೆಲೆ ಏನು ಅಂತ ಅವನು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ಅವನು ತೊಟ್ಟ 20ನೇ ನಂಬರಿನ ಜೆರ್ಸಿಯನ್ನು ಅವನಿಗಿಂತ ಮುಂಚೆ ತೊಟ್ಟವನು ಬಿಲ್ಲಿ ಸಿಮ್ಸ್. 1980ರ ಡ್ರಾಫ್ಟ್‌ನ ಮೊದಲ ಆಯ್ಕೆ, ಅವನೂ ಹೈಸ್‌ಮನ್ ಗೆದ್ದವನೇ. 1984ರ ಅಕ್ಟೋಬರ್‌ನಲ್ಲಿ ಮಿನ್ನೆಸೋಟ ವಿರುದ್ಧದ ಪಂದ್ಯದಲ್ಲಿ ಮೊಣಕಾಲು ಹೋಯಿತು, ಮತ್ತೆ ಆಡಲೇ ಇಲ್ಲ. 1991ರಲ್ಲಿ ಬ್ಯಾರಿಗೆ ದಾರಿ ಮಾಡಿಕೊಡುತ್ತಿದ್ದ ಲೈನ್‌ಮನ್ ಮೈಕ್ ಅಟ್ಲಿ ಮೈದಾನದಲ್ಲೇ ಬಿದ್ದು ಪಾರ್ಶ್ವವಾಯುವಿಗೆ ಒಳಗಾದ. 1997ರ ಡಿಸೆಂಬರ್ 21ರಂದು ಜೆಟ್ಸ್ ವಿರುದ್ಧದ ಪಂದ್ಯದಲ್ಲಿ ಬ್ಯಾರಿ ಒಂದೇ ಸೀಸನ್ನಿನಲ್ಲಿ ಎರಡು ಸಾವಿರ ಯಾರ್ಡ್ ದಾಟಿದ. ಅದೇ ದಿನ, ಅದೇ ಮೈದಾನದಲ್ಲಿ ತಂಡದ ರೆಜ್ಜಿ ಬ್ರೌನ್ ಕುತ್ತಿಗೆಗೆ ಏಟು ಬಿದ್ದು ಉಸಿರು ನಿಂತು ಮಲಗಿದ. ಬ್ರೌನ್ ಬದುಕಿ ಎದ್ದು ನಡೆದಾಡಿದ, ಆದರೆ ಆಟ ಅಲ್ಲಿಗೇ ಮುಗಿಯಿತು.

ಆ 1997ರ ಸೀಸನ್ನಿನ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಮೊದಲ ಎರಡು ಪಂದ್ಯ ಸೇರಿ ಬರೀ 53 ಯಾರ್ಡ್. ಮುಗಿಯಿತು ಇವನ ಕಥೆ ಅನ್ನಿಸುವಂಥ ಲೆಕ್ಕ. ಆಮೇಲೆ ಸತತ ಹದಿನಾಲ್ಕು ಪಂದ್ಯಗಳಲ್ಲಿ ಒಂದರಲ್ಲೂ ನೂರಕ್ಕೆ ಕಮ್ಮಿ ಇಲ್ಲ. ಆ ಹದಿನಾಲ್ಕರಲ್ಲಿ ಸರಿಯಾಗಿ ಎರಡು ಸಾವಿರ, ಒಟ್ಟು 2,053. ಆ ವರ್ಷದ ಎಂವಿಪಿ (ಅತ್ಯಮೂಲ್ಯ ಆಟಗಾರ) ಪ್ರಶಸ್ತಿಯನ್ನು ಗ್ರೀನ್ ಬೇ ತಂಡದ ಬ್ರೆಟ್ ಫಾರ್ವ್ ಜೊತೆ ಹಂಚಿಕೊಂಡ.

ಆದರೆ ತಂಡ? ಅವನ ಹತ್ತು ವರ್ಷಗಳಲ್ಲಿ ಲಯನ್ಸ್ ಐದು ಸಲ ಪ್ಲೇಆಫ್‌ಗೆ ಹೋಗಿ ಗೆದ್ದಿದ್ದು ಒಂದೇ ಪಂದ್ಯ, 1992ರ ಜನವರಿಯಲ್ಲಿ ಡಲ್ಲಾಸ್ ವಿರುದ್ಧ 38-6. ಮುಂದಿನ ಪ್ಲೇಆಫ್ ಗೆಲುವು ಬಂದಿದ್ದು 2024ರಲ್ಲಿ! ಅನುಭವಿ ಆಟಗಾರರನ್ನು ತಂಡ ಕೈಬಿಡುತ್ತಾ ಹೋಯಿತು. ಅವನ ಆಪ್ತ, ಲೈನ್‌ಮನ್‌ಗಳ ನಡುವೆ ನಿಲ್ಲುವ ಸೆಂಟರ್ ಕೆವಿನ್ ಗ್ಲೋವರ್‌ನನ್ನೂ 1997ರ ನಂತರ ಬಿಟ್ಟುಕೊಟ್ಟರು. 1998ರಲ್ಲಿ ಐದು ಗೆಲುವು, ಹನ್ನೊಂದು ಸೋಲು. ಆ ದರಿದ್ರ ವರ್ಷದಲ್ಲೂ ಬ್ಯಾರಿ 1,491 ಯಾರ್ಡ್ ಓಡಿದ. ಅಷ್ಟನ್ನೇ ಇನ್ನೊಮ್ಮೆ ಓಡಿದ್ದರೆ ಆಗ ದಾಖಲೆಯಾಗಿದ್ದ ವಾಲ್ಟರ್ ಪೇಯ್ಟನ್‌ನ 16,726ನ್ನು 34 ಯಾರ್ಡ್‌ಗಳಿಂದ ದಾಟುತ್ತಿದ್ದ. ಹತ್ತು ವರ್ಷಗಳ ಲೆಕ್ಕ 15,269ಕ್ಕೆ ನಿಂತಿತು, ಪ್ರತಿ ಓಟಕ್ಕೆ ಸರಾಸರಿ ಐದು ಯಾರ್ಡ್.

ಮುಂದೆ 2002ರಲ್ಲಿ ದಾಖಲೆ ಮುರಿದ ಎಮಿಟ್ ಸ್ಮಿತ್‌ನ ಹೆಸರಿನಲ್ಲಿ 18,355 ಯಾರ್ಡ್ ಇದೆ. ಹದಿನೈದು ಸೀಸನ್, 4,409 ಓಟ, ದಾರಿ ಮಾಡಿಕೊಡಲು ಬಹುಕಾಲ ಡಲ್ಲಾಸ್‌ನ ಅದ್ಭುತವಾದ ಲೈನ್‌ಮನ್‌ಗಳ ಸಾಲು ಅವನ ಮುಂದಿತ್ತು. ಅವನ ಸಹನೆಗೆ ನನ್ನ ನಮಸ್ಕಾರ. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಬ್ಯಾರಿಯನ್ನು ನಾನು ಸಮರ್ಥಿಸದ ಒಂದು ವಿಷಯ ಇದೆ, ಅದು ಬಿಟ್ಟುಹೋದ ರೀತಿ. 1999ರ ಜುಲೈ ಕೊನೆಯಲ್ಲಿ, ತರಬೇತಿ ಶಿಬಿರ ಇನ್ನೇನು ಶುರುವಾಗಬೇಕು ಅನ್ನುವಾಗ, ತನ್ನ ಹುಟ್ಟೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿದ. ಆಟದಲ್ಲಿ ಉಳಿಯುವ ಆಸೆಗಿಂತ ಹೊರಬರುವ ಆಸೆಯೇ ದೊಡ್ಡದಾಗಿದೆ ಅನ್ನುವುದು ಅದರ ಸಾರ. ಕೋಚ್ ಬಾಬಿ ರಾಸ್ ಇದ್ದಕ್ಕಿದ್ದಂತೆ ತಮ್ಮ ಅತಿ ದೊಡ್ಡ ಆಟಗಾರನಿಲ್ಲದೆ ಸೀಸನ್ ಶುರುಮಾಡಬೇಕಾಯಿತು. ನಾಲ್ಕು ತಿಂಗಳು ಮುಂಚೆ ಹೇಳಿದ್ದರೆ ಡ್ರಾಫ್ಟ್‌ನಲ್ಲಿ ಬೇರೆಯವರನ್ನಾದರೂ ನೋಡಿಕೊಳ್ಳುತ್ತಿದ್ದರು. ಒಪ್ಪಂದಕ್ಕೆ ಸಹಿ ಹಾಕಿದಾಗ ಅವನು ಪಡೆದಿದ್ದ ಬೋನಸ್ ಹಣದ ವ್ಯಾಜ್ಯ ಆರ್ಬಿಟ್ರೇಟರ್ (ಮಧ್ಯಸ್ಥಗಾರ) ತನಕ ಹೋಗಿ, ಒಂದು ಭಾಗ ವಾಪಸ್ ಕೊಡಬೇಕು ಅಂತ ತೀರ್ಪಾಯಿತು. ಈ ಊರಿನ ಹಳಬರಿಗೆ ಇವತ್ತಿಗೂ ಕೋಪ ಇರೋದು ಈ ಫ್ಯಾಕ್ಸ್ ಬಗ್ಗೆಯೇ, ದಾಖಲೆಯ ಬಗ್ಗೆ ಅಲ್ಲ. ಆಮೇಲೆ ಎಲ್ಲ ರಾಜಿಯಾಯಿತು: 2004ರಲ್ಲಿ ಹಾಲ್ ಆಫ್ ಫೇಮ್, 2023ರಲ್ಲಿ ಲಯನ್ಸ್‌ನ ಈಗಿನ ಕ್ರೀಡಾಂಗಣ ಫೋರ್ಡ್ ಫೀಲ್ಡ್ ಹೊರಗೆ ಪ್ರತಿಮೆ. ಅವನು ಆಡಿದ ಸಿಲ್ವರ್‌ಡೋಮ್ ಕ್ರೀಡಾಂಗಣ ಮಾತ್ರ ಈಗಿಲ್ಲ. 2017ರಲ್ಲಿ ಅದನ್ನು ಸ್ಫೋಟಿಸಿ ಕೆಡವಲು ಹೋದಾಗ ಮೊದಲ ದಿನ ಜಪ್ಪಯ್ಯ ಅಂದರೂ ಬೀಳಲಿಲ್ಲ. ಲಯನ್ಸ್ ಡಿಫೆನ್ಸ್ ಯಾವತ್ತೂ ಅಷ್ಟು ಗಟ್ಟಿಯಾಗಿ ನಿಂತಿದ್ದಿಲ್ಲ.

ಅಂಕಿಅಂಶ ಬದಿಗಿಟ್ಟು ಆಟ ನೋಡಬೇಕು ಅನ್ನಿಸಿದರೆ 1997ರ ಅಕ್ಟೋಬರ್‌ನ ಟ್ಯಾಂಪಾ ಬೇ ಪಂದ್ಯದಿಂದ ಶುರುಮಾಡಿ. 215 ಯಾರ್ಡ್, ಅದರಲ್ಲಿ ಎಂಬತ್ತು ಯಾರ್ಡ್ ಮುಟ್ಟಿದ ಟಚ್‌ಡೌನ್ ಓಟಗಳೇ ಎರಡು. ಹಾಗೆಯೇ 1994ರ ಕೊನೆಯ ದಿನ ಗ್ರೀನ್ ಬೇನಲ್ಲಿ ಆಡಿದ ಪ್ಲೇಆಫ್ ಪಂದ್ಯವನ್ನೂ ನೋಡಿ. ಹದಿಮೂರು ಸಲ ಓಡಿ ಮೈನಸ್ ಒಂದು ಯಾರ್ಡ್! ಎರಡರಲ್ಲೂ ಓಡುವ ಧಾಟಿ ಒಂದೇ: ಮುಂದೆ ದಾರಿ ಮುಚ್ಚಿದ್ದರೆ ತಲೆ ತಗ್ಗಿಸಿ ಎರಡು ಯಾರ್ಡ್ ಗಿಟ್ಟಿಸಿಕೊಳ್ಳುವವನಲ್ಲ, ಹಿಂದಕ್ಕೆ ಹೊರಳಿ ಇನ್ನೊಂದು ದಾರಿ ಹುಡುಕುತ್ತಾನೆ. ಟ್ಯಾಂಪಾದಲ್ಲಿ ಸಿಕ್ಕಿತು, ಗ್ರೀನ್ ಬೇನಲ್ಲಿ ಸಿಗಲಿಲ್ಲ.