ಸಯಾಟಿಕಾ ನೋವಿಗೆ ಕಟಿಬಸ್ತಿ, ಮಸಾಜ್, ಅಕ್ಯುಪಂಕ್ಚರ್: ಇವುಗಳಲ್ಲಿ ಯಾವುದಕ್ಕೆ ಹೋಗಲಿ?

ಎಲ್‌5–ಎಸ್‌1 ಡಿಸ್ಕ್ (ಬೆನ್ನುಮೂಳೆಯ ಬುಡದಲ್ಲಿ ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಎಡ ಪೃಷ್ಠದಿಂದ ಹಿಮ್ಮಡಿಯ ತನಕ ಸೆಳೆತ (ಕಾಲಿಗಿಳಿಯುವ ಈ ನರದ ನೋವೇ ಸಯಾಟಿಕಾ), ಆಪರೇಷನ್ ಸದ್ಯಕ್ಕೆ ಬೇಡ ಅಂದಿದ್ದಾರೆ, ಮನೆಯಲ್ಲಿ ಮಾತ್ರ ಒಬ್ಬೊಬ್ಬರು ಒಂದೊಂದು ಕಡೆಗೆ ಕೈ ತೋರಿಸುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ಬೆಂಗಳೂರಿನ ರಾಜಾಜಿನಗರದಲ್ಲಿ ಫಿಸಿಯೋಥೆರಪಿಸ್ಟ್. ಬೆಳಗಾದರೆ ಇಂಥ ಕಾಲುಗಳನ್ನು ನೋಡುವುದೇ ಕೆಲಸ. ಕಸುಬಿನ ಪಕ್ಷಪಾತ ನನಗೂ ಇದೆ, ಅಷ್ಟನ್ನು ಕಳೆದು ಓದಿಕೊಳ್ಳಿ.

ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿ ಮತ್ತು ಗುದದ್ವಾರದ ಸುತ್ತ ಮರಗಟ್ಟಿದರೆ, ಪಾದ ಮೇಲೆತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿದ್ದರೆ ಯಾವ ಎಣ್ಣೆಯೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಇವು ಇಲ್ಲದಿದ್ದರೆ ಗಾಬರಿ ಬೇಡ. ಹೊರಚಾಚಿದ ಡಿಸ್ಕಿನ ತುಣುಕನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ನೋವು ಇಳಿಯುತ್ತದೆ. ಆ ಹೊತ್ತಿಗೆ ಯಾರ ಟೇಬಲ್ ಮೇಲೆ ಮಲಗಿದ್ದಿರೋ ಕೀರ್ತಿ ಅವರ ಪಾಲಿಗೆ! ನಮಗೂ ಹೀಗೆ ಪುಕ್ಕಟೆ ಹೆಸರು ಬಂದಿದೆ.

ಹಾಗಿದ್ದರೆ ಒಂದು ಚಿಕಿತ್ಸೆ ಒಗ್ಗುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ನೋವು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅಂತ ನೋಡಿ. ಹಿಮ್ಮಡಿಯಲ್ಲಿದ್ದದ್ದು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಆಮೇಲೆ ಸೊಂಟಕ್ಕೆ ಏರುತ್ತಾ ಬಂದರೆ ಒಳ್ಳೆಯ ಲಕ್ಷಣ, ಸೊಂಟದ ನೋವು ಸ್ವಲ್ಪ ಜಾಸ್ತಿಯಾದರೂ ಚಿಂತೆಯಿಲ್ಲ. ಸೊಂಟ ಹಗುರವಾಗಿ ಪಾದದ ಜೋಮು ಹೆಚ್ಚಿದರೆ ಮಾತ್ರ, ಎಷ್ಟೇ ಹಿತವಾಗಿರಲಿ, ನಿಲ್ಲಿಸಿ. ಇದನ್ನು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1956ರಲ್ಲಿ ಆಕಸ್ಮಿಕವಾಗಿ ಗಮನಿಸಿದರು. ತಲೆಯ ಕಡೆ ಎತ್ತರಿಸಿಟ್ಟಿದ್ದ ಟೇಬಲ್ ಮೇಲೆ ರೋಗಿಯೊಬ್ಬ ಬೋರಲು ಮಲಗಿಬಿಟ್ಟಿದ್ದ. ಸೊಂಟ ಹಿಂದಕ್ಕೆ ಬಾಗಿ ಬಿದ್ದಿದ್ದವನನ್ನು ಕಂಡು ಇವರು ಗಾಬರಿಯಾದರೆ, ಅವನು ಕಾಲುನೋವೇ ಹೋಯಿತು ಅಂದನಂತೆ. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವ ವ್ಯಾಯಾಮವನ್ನು ನಾವು ಈಗಲೂ ಹೇಳಿಕೊಡುತ್ತೇವೆ. ಭುಜಂಗಾಸನದ ಅರ್ಧ ಅನ್ನಿ. ವಯಸ್ಸಾಗಿ ನರದ ದಾರಿಯೇ ಕಿರಿದಾದವರಿಗೆ ಇದು ಒಗ್ಗುವುದಿಲ್ಲ, ಹಿಂದೆ ಬಾಗಿದಷ್ಟೂ ಕಾಲು ಸೆಳೆಯುತ್ತದೆ. ಅದಕ್ಕೇ ಒಮ್ಮೆ ಯಾರಾದರೂ ಪರೀಕ್ಷಿಸಿ ಹೇಳಬೇಕು.

ಈಗ ಕಟಿಬಸ್ತಿ. ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ಬಾವಿಕಟ್ಟೆಯಂತೆ ಬಳೆ ಕಟ್ಟಿ, ಒಳಗೆ ಬೆಚ್ಚನೆಯ ತೈಲ ತುಂಬುತ್ತಾರೆ. ಆರುತ್ತಾ ಬಂದಂತೆ ಹತ್ತಿಯಲ್ಲಿ ಹೀರಿ ತೆಗೆದು, ಮತ್ತೆ ಬಿಸಿ ಮಾಡಿ ಹಾಕುತ್ತಾರೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೀಗೇ. ಬಿಗಿದುಕೊಂಡ ಸ್ನಾಯು ಸಡಿಲವಾಗುವುದು ನಿಜ, ಆ ರಾತ್ರಿ ನಿದ್ದೆಯೂ ಬರುತ್ತದೆ. ಆದರೆ ಎಣ್ಣೆ ಡಿಸ್ಕ್ ತನಕ ಇಳಿಯುವುದಿಲ್ಲ, ‘ಡಿಸ್ಕ್ ಒಳಗೆ ಹೋಯ್ತು’ ಅಂತ ಹೇಳುವವರನ್ನು ನಂಬಬೇಡಿ. ಮಾಡಿಸುವುದಾದರೆ ಆನಂದರಾವ್ ವೃತ್ತದ ಹತ್ತಿರ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲಿ ವಿಚಾರಿಸಿ. ಸ್ಪಾಗಳ ದುಬಾರಿ ಪ್ಯಾಕೇಜಿಗಿಂತ ವೈದ್ಯರು ನೋಡಿ ಹೇಳಿದ್ದು ಮೇಲು.

ಮಸಾಜ್‌ಗೂ ಇದೇ ಮಾತು. ಪೃಷ್ಠದ ಆಳದಲ್ಲಿ ಪಿರಿಫಾರ್ಮಿಸ್ ಅಂತ ಸ್ನಾಯು ಇದೆ. ಅದು ಬಿಗಿದು ನರವನ್ನು ಒತ್ತುತ್ತಿದ್ದರೆ ಹೆಬ್ಬೆರಳ ಒತ್ತಡಕ್ಕೆ ಆರಾಮ ಸಿಗುತ್ತದೆ. ಒತ್ತುವಾಗ ಕಾಲಿಗೆ ಶಾಕ್ ಹೊಡೆದ ಹಾಗಾದರೆ ಅವರು ಒತ್ತುತ್ತಿರುವುದು ನರವನ್ನು, ಬಾಯಿ ಬಿಟ್ಟು ಹೇಳಿ. ಬಿಸಿನೀರಿನ ಚೀಲ ಇಡುವಾಗಲೂ ಎಚ್ಚರ: ಜೋಮು ಹಿಡಿದ ಜಾಗಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಶುಗರ್ ಇದ್ದವರಂತೂ ಪಾದಕ್ಕೆ ಇಡಲೇಬಾರದು.

ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಬಗ್ಗೆ ಒಮ್ಮತವಿಲ್ಲ. ಬ್ರಿಟನ್ನಿನ ನೈಸ್ ಎಂಬ ಸರ್ಕಾರಿ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಸೊಂಟನೋವು, ಸಯಾಟಿಕಾ ಎರಡಕ್ಕೂ ಬೇಡ ಅಂದಿತು. ಮಸಾಜ್‌ನಂಥ ಕೈಚಿಕಿತ್ಸೆಗೆ ಒಪ್ಪಿದ್ದೂ ವ್ಯಾಯಾಮದ ಜೊತೆ ಮಾಡಿದರೆ ಮಾತ್ರ. 2024ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ, ಡಿಸ್ಕಿನಿಂದ ಬಂದ ಹಳೆಯ ಸಯಾಟಿಕಾಗೆ ತೋರಿಕೆಯ ಸೂಜಿಗಿಂತ ನಿಜವಾದ ಸೂಜಿ ಹೆಚ್ಚು ಗುಣ ಕೊಟ್ಟಿತು. ಆಸಕ್ತಿ ಇದ್ದರೆ ನೋಡಿ, ಸೂಜಿ ಪ್ರತಿ ಸಲವೂ ಹೊಸದೇ ಇರಬೇಕು.

ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ಸಲಹೆ ನಿಮ್ಮ ಮನೆಯಲ್ಲೂ ಬಂದಿರಬೇಕು. ಉಳುಕಿಗೆ ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದರು. ಡಿಸ್ಕ್ ಉಬ್ಬಿದವರಿಗೆ ಅದೂ ಬೇಡ, ರೀಲ್ಸ್‌ನಲ್ಲಿ ತೋರಿಸುವ ‘ಲಟಕ್’ ಅನ್ನಿಸುವ ತಿರುಚಾಟವೂ ಬೇಡ.

ಕಟಿಬಸ್ತಿ, ಮಸಾಜ್ ಇವೆಲ್ಲ ಕೊಡುವುದು ಸ್ವಲ್ಪ ಹೊತ್ತಿನ ಬಿಡುವು. ಆ ಬಿಡುವಿನಲ್ಲಿ ನಡೆದಾಡಿ, ಹೇಳಿಕೊಟ್ಟ ವ್ಯಾಯಾಮ ಮಾಡಿ. ಜನ ಎಡವುವುದು ಇಲ್ಲೇ. ನಾಗರಬಾವಿಯಿಂದ ವೈಟ್‌ಫೀಲ್ಡ್‌ಗೆ ಹೆಸರುವಾಸಿ ಥೆರಪಿಸ್ಟನ್ನು ಹುಡುಕಿಕೊಂಡು ಹೋಗುತ್ತಾರೆ, ಸಿಕ್ಕ ಆರಾಮವನ್ನೆಲ್ಲ ವಾಪಸ್ ಬರುವಾಗ ಟ್ರಾಫಿಕ್‌ನಲ್ಲಿ ಕೂತೇ ಕಳೆಯುತ್ತಾರೆ. ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಕ್ಲಿನಿಕ್ಕೇ ನಿಮಗೆ ವಾಸಿ. ಯೋಗ ಕ್ಲಾಸಿಗೆ ಹೋಗುತ್ತಿದ್ದರೆ ಮುಂದಕ್ಕೆ ಬಾಗುವ ಪಶ್ಚಿಮೋತ್ತಾಸನ, ಪಾದಹಸ್ತಾಸನ ಸದ್ಯಕ್ಕೆ ಬಿಡಿ.

ವಾರಕ್ಕೊಮ್ಮೆ ಗೋಡೆ ಹಿಡಿದು ಎಡಗಾಲೊಂದರ ಮೇಲೇ ನಿಂತು ಹಿಮ್ಮಡಿ ಎತ್ತಿ ನೋಡಿ. ಆ ಡಿಸ್ಕ್ ಪಕ್ಕದಲ್ಲೇ ಹಾದು ಕಾಲಿಗಿಳಿಯುವ ಎಸ್‌1 ನರ ಸೋಲುತ್ತಿದ್ದರೆ ಮೊದಲು ಗೊತ್ತಾಗುವುದು ಅಲ್ಲಿ. ಬಲಗಾಲಿನಷ್ಟು ಸಲ ಎತ್ತಲಾಗದಿದ್ದರೆ ಸರ್ಜನ್‌ಗೆ ತಿಳಿಸಿ.

ಸ್ಕೂಟರ್ ಓಡಿಸಬಹುದೇ ಅಂತಲೂ ಕೇಳಿದ್ದೀರಿ. ನೋವು ಮೊಣಕಾಲಿನಿಂದ ಮೇಲಕ್ಕೆ ಏರುವ ತನಕ ಬೇಡ, ನಮ್ಮ ಹಂಪ್‌ಗಳು ಗೊತ್ತಲ್ಲ. ಮೆಟ್ರೋದಲ್ಲಿ ಸೀಟು ಸಿಕ್ಕರೂ ನಿಂತೇ ಹೋಗಿ.