ಜಿಂಪ್ 3.0ರಲ್ಲಿ ಹಳೆಯ ಪ್ಲಗ್-ಇನ್‌ಗಳು ಏಕೆ ಕಾಣಿಸುವುದಿಲ್ಲ?

ಚಿತ್ರ ತಿದ್ದುವ ತಂತ್ರಾಂಶವಾದ ಜಿಂಪ್‌ನ 2.10 ಆವೃತ್ತಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಪ್ಲಗ್-ಇನ್‌ಗಳು 3.0ರ ಮೆನುವಿನಲ್ಲಿ ಕಾಣದಿರಲು ಮುಖ್ಯ ಕಾರಣ, ಅವು ಹಳೆಯ ಆವೃತ್ತಿಗೆಂದೇ ಬರೆಯಲ್ಪಟ್ಟಿರುವುದು. ನಿಮ್ಮ ಕಡತವಾಗಲಿ ಕಂಪ್ಯೂಟರಾಗಲಿ ಕೆಟ್ಟಿಲ್ಲ.

ಪ್ಲಗ್-ಇನ್ ಎಂಬುದು ಜಿಂಪ್‌ನ ಹೊರಗೆ ಪ್ರತ್ಯೇಕವಾಗಿ ಓಡುವ ಪುಟ್ಟ ತಂತ್ರಾಂಶ. ಚಿತ್ರವನ್ನು ಪಡೆಯಲು ಅಥವಾ ಪದರವೊಂದನ್ನು, ಅಂದರೆ ಲೇಯರನ್ನು, ಬದಲಿಸಲು ಅದು ಜಿಂಪ್ ಒಪ್ಪುವ ನಿಗದಿತ ಆದೇಶಗಳ ಮೂಲಕವೇ ಕೇಳಿಕೊಳ್ಳಬೇಕು. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಆ ಆದೇಶಗಳಲ್ಲಿ ಅನೇಕವು ಬದಲಾದವು, ಅನೇಕ ಪ್ಲಗ್-ಇನ್‌ಗಳನ್ನು ಬರೆಯುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಪೈಥಾನ್ 2ರ ಜಾಗಕ್ಕೆ ಪೈಥಾನ್ 3 ಬಂತು. ಹೀಗಾಗಿ ಹಳೆಯ ಪ್ಲಗ್-ಇನ್ ಕೇಳುವುದು ಹೊಸ ಜಿಂಪ್‌ಗೆ ತಿಳಿಯುವುದಿಲ್ಲ.

ಆದ್ದರಿಂದ 3.0ಕ್ಕಾಗಿ ಸಿದ್ಧಪಡಿಸಿದ ಆವೃತ್ತಿಯನ್ನೇ ಹುಡುಕಿ. ನೂರಾರು ಫಿಲ್ಟರುಗಳಿರುವ ಜಿ'ಮಿಕ್ ಎಂಬ ಪ್ಲಗ್-ಇನ್‌ಗೆ ಅಂಥದ್ದು ಈಗಾಗಲೇ ಇದೆ. ಹೊಸ ಆವೃತ್ತಿ ಹಾಕಿದ ಮೇಲೂ ಕಾಣದಿದ್ದರೆ ಕಡತವಿಟ್ಟ ಜಾಗವನ್ನು ನೋಡಿ. ಪ್ರಿಫರೆನ್ಸಸ್‌ನಲ್ಲಿ ಫೋಲ್ಡರ್ಸ್ ಎಂಬಲ್ಲಿ ಪ್ಲಗ್-ಇನ್ಸ್ ಒತ್ತಿದರೆ ಆ ಜಾಗ ಕಾಣುತ್ತದೆ. ಅಲ್ಲಿ ಕಡತವನ್ನು ಬಿಡಿಯಾಗಿ ಇಡುವಂತಿಲ್ಲ: ‘ಬಾರ್ಡರ್’ ಎಂಬ ಪೈಥಾನ್ ಕಡತ ‘ಬಾರ್ಡರ್’ ಎಂಬ ಅದೇ ಹೆಸರಿನ ಫೋಲ್ಡರಿನೊಳಗೇ ಇರಬೇಕು. ಲಿನಕ್ಸ್‌ನಲ್ಲಾದರೆ ಕಡತಕ್ಕೆ ಓಡುವ ಅನುಮತಿಯನ್ನೂ ಕೊಡಿ. ಕೊನೆಗೆ ಜಿಂಪ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ.